ಮುರಗೆಪ್ಪನ ಹೆಲಿಕಾಪ್ಟರಿಗೆ ನಾನು ಹಾಕಿದ ಗಂಟು

ಮುರಗೆಪ್ಪನ ಹೆಲಿಕಾಪ್ಟರ್ ಯಾಕೆ ಮೇಲೇಳಲಿಲ್ಲ ಎಂಬುದಕ್ಕೆ ಕಾಗವಾಡದಿಂದ ನಿಪ್ಪಾಣಿಯವರೆಗೆ ಇವತ್ತಿಗೂ ಹನ್ನೊಂದು ಕಾರಣಗಳು ಚಾಲ್ತಿಯಲ್ಲಿವೆ. ಎಂಜಿನ್ ಹಳೆಯದು ಎನ್ನುವವರಿದ್ದಾರೆ, ಅಮಾವಾಸ್ಯೆ ಹತ್ತಿರವಿತ್ತು ಎನ್ನುವವರಿದ್ದಾರೆ, ನಿಂಬೆಹಣ್ಣು ಕೊಳೆತದ್ದಿತ್ತು ಎನ್ನುವವರೂ ಇದ್ದಾರೆ. ಹನ್ನೆರಡನೆಯ ಕಾರಣ ನಾನು.

ನನ್ನ ಹೆಸರು ಸಿದರಾಯ, ಊರವರ ಬಾಯಲ್ಲಿ ಸಿದ್ದಣ್ಣ. ಇಪ್ಪತ್ತೆರಡು ಕುರಿ, ಎರಡು ಎಕರೆ ಹೊಲ, ಕೈಯಲ್ಲಿ ಹಗ್ಗದ ಕೆಲಸ. ಎತ್ತಿಗೆ ಲಾಳ ಹೊಡೆಯಬೇಕಾದರೆ ಮೊದಲು ಅದನ್ನು ನೆಲಕ್ಕೆ ಕೆಡವಿ ನಾಲ್ಕೂ ಕಾಲು ಕೂಡಿಸಿ ಕಟ್ಟಬೇಕು. ಲಾಳ ಹೊಡೆಯುವವನು ಬೇರೆ, ಕೆಡವಿ ಕಟ್ಟುವವನು ಬೇರೆ. ಮೂವತ್ತು ವರ್ಷದಿಂದ ಕಟ್ಟುವವನು ನಾನು. ನಾನು ಹಾಕುವ ಗಂಟು ಎಂಥದೆಂದರೆ, ಎತ್ತು ಎಷ್ಟು ಜಗ್ಗುತ್ತದೋ ಅಷ್ಟು ಬಿಗಿಯುತ್ತದೆ. ಅಥಣಿ, ರಾಯಬಾಗ ಕಡೆಯಿಂದಲೂ ನನ್ನನ್ನು ಕರೆಯಲು ಬರುತ್ತಿದ್ದರು. ಈಗ ಎತ್ತುಗಳೇ ಕಡಿಮೆ.

ಮುರಗೆಪ್ಪ ನನ್ನ ಹೊಲದ ಪಕ್ಕದವನು. ಕಾಗವಾಡದಿಂದ ಸ್ವಲ್ಪ ಈಚೆ ಅವನದು ನಾಲ್ಕು ಎಕರೆ ದ್ರಾಕ್ಷಿ, ಆರು ಎಕರೆ ಕಬ್ಬು. ಊರಲ್ಲಿ ಯಾರ ಪಂಪು ಕೆಟ್ಟರೂ ಅವನೇ ಬೇಕು. ಕೆಟ್ಟದ್ದನ್ನು ಸರಿಮಾಡುತ್ತಿದ್ದ. ಜೊತೆಗೆ ಸರಿಯಿದ್ದದ್ದು ಯಾಕೆ ಸರಿಯಿದೆ ಎಂದು ನೋಡಲು ಬಿಚ್ಚುತ್ತಿದ್ದ, ಅದೊಂದೇ ದೋಷ. ಅವನ ಮನೆಯ ಗಡಿಯಾರ, ಹೊಲಿಗೆ ಮಶೀನು, ಹಿಟ್ಟಿನ ಗಿರಣಿ ಯಾವಾಗಲೂ ಅರ್ಧ ಬಿಚ್ಚಿದ ಸ್ಥಿತಿಯಲ್ಲಿರುತ್ತಿದ್ದವು. ಹೆಂಡತಿ ಚನ್ನವ್ವ ಹಿಟ್ಟು ಬೀಸಿಸಲು ಪಕ್ಕದೂರಿಗೆ ಹೋಗುತ್ತಿದ್ದಳು.

ಎಲ್ಲಾ ಶುರುವಾದದ್ದು ಅಕ್ಕೋಳದ ಮದುವೆಯಲ್ಲಿ. ಚನ್ನವ್ವನ ತಮ್ಮ ಭಾವುಸಾಹೇಬ ಅಲ್ಲಿಯ ದೊಡ್ಡ ಕುಳ. ಮಗ ಶಿವರಾಜನ ಮದುವೆಗೆ ವರನನ್ನು ಬಾಡಿಗೆ ಹೆಲಿಕಾಪ್ಟರಿನಲ್ಲಿ ಇಳಿಸಿದ. ಕಬ್ಬು ಕಡಿದ ಹೊಲದಲ್ಲಿ ಅದು ಇಳಿದಾಗ ಪೆಂಡಾಲು ಅರ್ಧ ಎದ್ದಿತು, ಅಕ್ಷತೆಯೆಲ್ಲ ಚಿಕ್ಕೋಡಿ ರಸ್ತೆಯತ್ತ ಹೋಯಿತು, ಬೀಗರ ಟೋಪಿಗಳನ್ನು ಸಂಜೆಯವರೆಗೆ ಹುಡುಕುತ್ತಿದ್ದರು. ಆ ಗದ್ದಲದಲ್ಲಿ ಮುರಗೆಪ್ಪ ತನ್ನ ಪಕ್ಕದವನಿಗೆ, ಎಂದರೆ ನನಗೆ, ಕೇಳಲೆಂದು ಗಂಟಲು ಹರಿದು ಕೂಗಿದ. ಕೂಗುವ ಹೊತ್ತಿಗೆ ಸರಿಯಾಗಿ ಪೈಲಟ್ ಎಂಜಿನ್ ಬಂದ್ ಮಾಡಿದ. ಎಂಟು ನೂರು ಮಂದಿಯ ನಡುವೆ ಅವನ ಮಾತೊಂದೇ ಕೇಳಿಸಿತು.

"ಇದರಾಗ ಏನೈತೋ ಸಿದ್ದಣ್ಣಾ! ನಮ್ಮ ದ್ರಾಕ್ಷಿಗೆ ಔಷಧ ಹೊಡಿಯೋ ಬ್ಲೋವರಿನ ಮಾರಿ ಆಕಾಶಕ್ಕ ತಿರಿವಿದ್ರ ಇದಾ ಆಕ್ಕೈತಿ!"

ಪೈಲಟ್ ಕೂಡ ತಿರುಗಿ ನೋಡಿದ. ಭಾವುಸಾಹೇಬ ಹಾರ ಹಾಕಿಕೊಂಡೇ ಬಂದ. ಅಕ್ಕನ ಗಂಡನಿಗೆ ಅವರ ಮನೆಯಲ್ಲಿ ಮರಾಠಿ ರೂಢಿಯಂತೆ ದಾಜಿ ಎನ್ನುತ್ತಾರೆ.

"ಕಾಯ್ ಸಾಂಗತಾ ದಾಜಿ, ಏನ್ ಹೇಳ್ತೀರಿ! ಹಂಗಾದ್ರ ಒಂದ್ ಮಾಡಿ ತೋರಸ್ರಿ. ನಂದ್ ಮಾತು ಕೇಳ್ರಿ ಎಲ್ಲಾರೂ. ದಾಜಿ ಮಾಡಿದ್ದು ನೆಲಾ ಬಿಟ್ಟು ಒಂದ್ ಗೇಣು ಎದ್ರ ಸಾಕು, ಕಾಗವಾಡದಿಂದ ಅಕ್ಕೋಳತನಕ ದಾಜೀನ ಹೆಗಲ ಮ್ಯಾಲೆ ಹೊತ್ಕೊಂಡ ಬರ್ತೀನಿ."

"ಏಳಲಿಲ್ಲಂದ್ರ?" ಎಂದು ಯಾರೋ ಕೇಳಿದರು. ಮದುವೆಯಲ್ಲಿ ಇಂಥವನೊಬ್ಬ ಇದ್ದೇ ಇರುತ್ತಾನೆ.

"ಏಳಲಿಲ್ಲಂದ್ರ ಇನ್ನ ಮ್ಯಾಲೆ ದಾಜಿ ಮಶೀನಿನ ಬಗ್ಗೆ ಬಾಯಿ ತೆಗಿಬಾರ್ದು. ಕೈನೂ ಹಚ್ಚಬಾರ್ದು."

ಜನ ನಕ್ಕರು. ನಾನೂ ನಕ್ಕೆ. ಆದರೆ ಮುರಗೆಪ್ಪನಿಗೆ ಮಶೀನು ಬಿಟ್ಟರೆ ಬೇರೆ ಮಾತೇ ಬರುತ್ತಿರಲಿಲ್ಲ. ಅವನು ಪಣಕ್ಕಿಟ್ಟದ್ದು ತನ್ನ ಬಾಯಿ ಮತ್ತು ಎರಡು ಕೈ. ಚನ್ನವ್ವನೊಬ್ಬಳು ನಗಲಿಲ್ಲ.

ಒಣದ್ರಾಕ್ಷಿ ಶೆಡ್ಡಿನ ಹಿಂದೆ ಕೆಲಸ ಶುರುವಾಯಿತು. ದ್ರಾಕ್ಷಿ ಮಂಟಪದ ಹಳೆ ಪೈಪುಗಳಿಂದ ಚೌಕಟ್ಟು, ಗುಜರಿಯಿಂದ ತಂದ ಒಂದು ವ್ಯಾನಿನ ಎಂಜಿನ್, ಬೆಂಚಿನಿಂದ ಕಿತ್ತ ಸೀಟು, ಸಾಗವಾನಿ ಕಟ್ಟಿಗೆಯ ಎರಡು ರೆಕ್ಕೆ. ಮೊದಲ ಸಲ ಚಾಲೂ ಮಾಡಿದಾಗ ಒಂದು ರೆಕ್ಕೆ ಕಿತ್ತುಕೊಂಡು ಪಂಚಾಯತಿ ಅಧ್ಯಕ್ಷ ಸತ್ಯಪ್ಪನ ಕಬ್ಬಿನೊಳಗೆ ಹೋಯಿತು. ಸತ್ಯಪ್ಪ ಅದನ್ನು ಹೆಗಲ ಮೇಲೆ ಹೊತ್ತು ತಂದ. ಜಗಳಕ್ಕೆ ಬಂದಾನೆಂದು ನಾವು ಶೆಡ್ಡಿನೊಳಗೆ ಸರಿದೆವು.

"ಮುರಗೆಪ್ಪಣ್ಣಾ, ಮೂರು ಸಾಲು ಕಡದೈತಿ," ಎಂದ ಸತ್ಯಪ್ಪ. "ಕಬ್ಬು ಕಡಿಯೋ ಟೋಳಿಯವ್ರು ಸುದ್ದಾ ಇಷ್ಟು ಬುಡಕ್ಕ ಹಚ್ಚಿ ಕಡಿಯಂಗಿಲ್ಲ. ಇನ್ನೊಂದೀಟು ಚಾಲೂ ಮಾಡ್ರಲಾ, ಉಳಿದದ್ದೂ ಆಗಿಬಿಡ್ಲಿ."

ಎರಡನೆಯ ಸಲ ರೆಕ್ಕೆ ಗಟ್ಟಿ ಇದ್ದವು. ಆದರೆ ಮೇಲಿನ ರೆಕ್ಕೆ ಬಲಕ್ಕೆ ತಿರುಗಿದರೆ ಕೆಳಗಿನ ಮನುಷ್ಯ ಎಡಕ್ಕೆ ತಿರುಗುತ್ತಾನೆ ಎಂಬುದು ಅವತ್ತು ಗೊತ್ತಾಯಿತು. ಗಾಣ ತಿರುಗಿದ ಹಾಗೆ ಮುರಗೆಪ್ಪ ಹನ್ನೆರಡು ಸುತ್ತು ತಿರುಗಿದ. ಪ್ರತಿ ಸುತ್ತಿಗೂ ನನ್ನೆದುರು ಬಂದಾಗ ಒಂದೊಂದೇ ಮಾತು ಹೇಳುತ್ತಿದ್ದ: "ಸಿದ್ದಣ್ಣಾ..." "ಬಂದ್..." "ಮಾಡೋ..." "ವಾಯರ್..." "ಕೆಂಪಂದೋ!" ಇಳಿದ ಮೇಲೆ ಮನೆಗೆ ನೆಟ್ಟಗೆ ಹೋಗಲು ಆಗದೆ ಬಾವಿಯನ್ನೇ ಮೂರು ಸಲ ಸುತ್ತಿದ. ಆದರೆ ಕುಳಿತ ತಕ್ಷಣ ಹೇಳಿದ್ದು ಇಷ್ಟೇ: "ಹಿಂದ ಬಾಲಕ್ಕ ಒಂದ್ ಸಣ್ಣ ಫಂಕಾ ಬೇಕು. ಅದು ಅಡ್ಡ ಗಾಳಿ ಹೊಡದ್ರ ಮೈ ತಿರಗಂಗಿಲ್ಲ." ಬ್ಲೋವರಿನ ಫಂಕಾ ಕಿತ್ತು ಬಾಲಕ್ಕೆ ಕಟ್ಟಿದ. ತಿರುಗುವುದು ನಿಂತಿತು. ಯಾವ ಪುಸ್ತಕವನ್ನೂ ಓದದ ಮನುಷ್ಯ. ನಾನು ಬೆರಗಾದೆ.

ಅಲ್ಲಿಗೆ ಊರಿಗೆ ನಂಬಿಕೆ ಬಂತು, ತೊಂದರೆಯೂ ಬಂತು. ಸತ್ಯಪ್ಪ ಪಂಚಾಯತಿ ಕಟ್ಟೆಯ ಮೇಲೆ ಸಭೆ ಕರೆದು, "ಇದು ಹಗುರ ಹೆಲಿಕಾಪ್ಟರ್ ಐತಿ, ಬರೇ ಮೆರವಣಿಗೆದ್ದಲ್ಲ. ಊರಿಗೆ ಉಪಯೋಗಕ್ಕ ಬರೂವಂಗ ಆಗಬೇಕು. ಯಾರ್‍ಯಾರಿಗೆ ಏನೇನ್ ಬೇಕು ಹೇಳ್ರಿ," ಎಂದ.

ಎಲ್ಲರಿಗೂ ಏನಾದರೊಂದು ಬೇಕಾಗಿತ್ತು. ಹಾಲಿನ ಡೇರಿಯವರಿಗೆ ಎಂಟು ಕ್ಯಾನಿನ ಕೊಂಡಿ ಬೇಕು. ದ್ರಾಕ್ಷಿಯವರಿಗೆ ಇನ್ನೂರು ಲೀಟರ್ ಔಷಧದ ಟಾಕಿ ಬೇಕು. ಕೃಷ್ಣೆಗೆ ಮಹಾಪೂರ ಬಂದರೆ ಹೊಳೆದಂಡೆಯವರಿಗೆ ಎಮ್ಮೆ ಎತ್ತುವ ಜೋಳಿಗೆ ಬೇಕು. ನನ್ನ ಹೆಂಡತಿ ಕೆಂಪವ್ವ ಕೂಡ, "ಈಯೋ ಕುರಿ ಮಲಗಾಕ ಒಂದೀಟು ಜಾಗಾ ಇಡ್ರಿ," ಎಂದಳು. ಸತ್ಯಪ್ಪನಿಗೆ ಹಿಂದೆ ಒಂದು ಖುರ್ಚಿ, ಅದಕ್ಕೆ ನೆರಳು, ನೆರಳಿನ ಮೇಲೆ ಪಂಚಾಯತಿ ಬೋರ್ಡು. ಮುರಗೆಪ್ಪನಿಗೆ ಒಲ್ಲೆ ಎನ್ನಲು ಬರುತ್ತಿರಲಿಲ್ಲ. ಎಲ್ಲವನ್ನೂ ಜೋಡಿಸಿದ. ಕಡೆಗೆ ಅದು ಹೆಲಿಕಾಪ್ಟರಿನ ಹಾಗೆ ಕಾಣದೆ ಸ್ಥಳಾಂತರ ಮಾಡುತ್ತಿರುವ ಕಿರಾಣಿ ಅಂಗಡಿಯ ಹಾಗೆ ಕಾಣುತ್ತಿತ್ತು. ಚಾಲೂ ಮಾಡಿದರೆ ಬೋರ್ಡು ಮಾತ್ರ ಅಲ್ಲಾಡಿತು.

"ನಿಂದೇನ್ ಬೇಡಿಕೆ ಇಲ್ಲೇನ ಚನ್ನವ್ವಾ?" ಎಂದು ಸತ್ಯಪ್ಪ ಕೇಳಿದ್ದ.

"ಐತ್ರಿ," ಎಂದಿದ್ದಳು ಚನ್ನವ್ವ. "ಅದರಾಗ ಇವ್ರು ಕುಂಡ್ರಬಾರ್ದು."

ಹಿಂದೊಮ್ಮೆ ಶೆಡ್ಡಿನ ಮೇಲಿಂದ ಬಿದ್ದು ಮುರಗೆಪ್ಪ ಎರಡು ತಿಂಗಳು ಹಾಸಿಗೆ ಹಿಡಿದಿದ್ದ. ಅವಳು ಅದನ್ನು ಮರೆತಿರಲಿಲ್ಲ.

ಈ ನಡುವೆ ಯಾರೋ ವಿಡಿಯೊ ತೆಗೆದು ಮೊಬೈಲುಗಳಿಗೆ ಬಿಟ್ಟರು. ಮೂರೇ ದಿನಕ್ಕೆ ಪೊಲೀಸ್ ಠಾಣೆಯ ಫೌಜದಾರರು ಜೀಪು ಹತ್ತಿ ಬಂದರು. ಶೆಡ್ಡಿನ ಹಿಂದೆ ಹೋಗಿ, ಕೈ ಹಿಂದೆ ಕಟ್ಟಿಕೊಂಡು, ಹೆಲಿಕಾಪ್ಟರನ್ನು ಕಳ್ಳನನ್ನು ನೋಡಿದ ಹಾಗೆ ನೋಡಿದರು.

"ಏನ್ರಿ ಇದು?"

"ಹೆಲಿಕಾಪ್ಟರ್‍ರಿ ಸಾಹೇಬ್ರ."

"ಹಂಗನಬ್ಯಾಡ್ರಿ. ಹೆಲಿಕಾಪ್ಟರ್ ಅಂದ್ರ ದಿಲ್ಲಿ ತನಕ ಕಾಗದ ಹೋಗಬೇಕು. ನಂದು ಇನ್ನ ಎರಡು ವರ್ಷ ಸರ್ವಿಸ್ ಐತಿ. ಇದು ಹಾರತೈತೇನು?"

"ಇನ್ನೂ ಇಲ್ರಿ."

"ಶಾಬಾಸ್. ಹಾರಲಾರದ್ದು ಹೆಲಿಕಾಪ್ಟರ್ ಹೆಂಗ ಆದೀತು? ಇದು ಫಂಕಾ. ಫಂಕಾಕ್ಕ ಯಾರ ಪರವಾನಿಗೀನೂ ಬ್ಯಾಡ." ಕಾಗದ ತೆಗೆದು ಬರೆಸಿದರು: ದ್ರಾಕ್ಷಿ ತೋಟದ ಫಂಕಾ, ಒಂದು, ದೊಡ್ಡದು.

ಮುರಗೆಪ್ಪನ ಮುಖ ಸಣ್ಣದಾಯಿತು. "ಸಾಹೇಬ್ರ, ಭಾವುಸಾಹೇಬನ ಮುಂದ ಒಂದ್ ಗೇಣು ಏಳಿಸಬೇಕ್ರಿ. ಒಂದಾ ಗೇಣು."

ಫೌಜದಾರರು ಮೀಸೆ ತೀಡಿದರು. ಕೆಟ್ಟ ಮನುಷ್ಯರಲ್ಲ. "ನೆಲಕ್ಕ ಕಟ್ಟಿಹಾಕ್ರಿ. ಹಗ್ಗ ಒಂದ್ ಗೇಣು ಸಡಿಲ ಇರ್ಲಿ. ಒಂದ್ ಗೇಣಿನತನಕ ಫಂಕಾ ಜಿಗಿದಾಡ್ತು ಅಂತ ಬರಕೋತೀನಿ. ಅದರ ಮ್ಯಾಲೆ ಎದ್ರ ನಿಮ್ಮನ್ನ ಒಳಗ ಹಾಕ್ತೀನಿ. ಕಟ್ಟಾವ್ರು ಯಾರು?"

ಎಲ್ಲರೂ ನನ್ನ ಕಡೆ ನೋಡಿದರು.

"ಸಿದ್ದಣ್ಣ ಕಟ್ಟಿದ್ದು ಐದು ತಾಲ್ಲೂಕಿನ್ಯಾಗ ಒಂದೂ ಬಿಚ್ಚಿಲ್ರಿ," ಎಂದ ಮುರಗೆಪ್ಪ ಹೆಮ್ಮೆಯಿಂದ.

ಭಾವುಸಾಹೇಬನ ಮುಂದೆ ಏಳಿಸಿ ತೋರಿಸುವ ಪ್ರದರ್ಶನಕ್ಕೆ ನಾಲ್ಕು ದಿನ ಇರುವಾಗ ಅವನು ಊರಿನವರ ಕೊಂಡಿ, ಟಾಕಿ, ಜೋಳಿಗೆ, ಖುರ್ಚಿ, ಬೋರ್ಡು ಎಲ್ಲ ಕಿತ್ತೆಸೆದ. ಮಧ್ಯಾಹ್ನ ಊಟದ ಹೊತ್ತು, ಶೆಡ್ಡಿನ ಹಿಂದೆ ನಾವು ಮೂವರೇ: ಅವನು ಸೀಟಿನ ಮೇಲೆ, ನಾನು ಮತ್ತು ಚನ್ನವ್ವ ಬೇವಿನ ಗಿಡದ ಬುಡಕ್ಕೆ. ಎಂಜಿನ್ ಚಾಲೂ ಆಯಿತು. ರೆಕ್ಕೆ ಕಣ್ಣಿಗೆ ಕಾಣದಷ್ಟು ಜೋರಾಯಿತು. ಧೂಳು, ಎಲೆ, ಒಣಹಾಕಿದ ಎರಡು ಸೀರೆ, ಎಲ್ಲ ಎದ್ದವು. ಧೂಳಿನ ಕೆಳಗೆ, ನೆಲದ ಮಟ್ಟದಲ್ಲಿ, ನಾನು ನೋಡಿದೆ. ಹೆಲಿಕಾಪ್ಟರಿನ ಎರಡೂ ಕಾಲಿನ ಪೈಪು ನೆಲದಲ್ಲಿರಲಿಲ್ಲ. ನಾಲ್ಕು ಬೆರಳು ಮೇಲಿದ್ದವು. ಹೆದರಿದ ಒಂದು ಕೋಳಿಮರಿ ಪೈಪಿನ ಕೆಳಗೆ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಬಿತ್ತು.

ನಾನು ಚನ್ನವ್ವನನ್ನು ನೋಡಿದೆ. ಅವಳೂ ಕೋಳಿಮರಿಯನ್ನೇ ನೋಡುತ್ತಿದ್ದಳು.

ಎಂಜಿನ್ ನಿಂತಿತು. ಮುರಗೆಪ್ಪ ಕಣ್ಣಿನ ಧೂಳು ಒರೆಸಿಕೊಳ್ಳುತ್ತ ಕೇಳಿದ: "ಎದ್ದಿತ್ತೇನು? ನನಗ ಗಡಗಡ ಅನ್ನೂದ್ರಾಗ ಏನೂ ತಿಳೀಲಿಲ್ಲ. ಎದ್ದಿತ್ತೇನ?"

"ಎಲ್ಲೀದು ಏಳೂದು," ಎಂದಳು ಚನ್ನವ್ವ. "ಕುಂತಲ್ಲೇ ಕುಂತಿತ್ತು. ನನ್ನ ಸೀರಿ ಎರಡು ಹೋದೂ ನೋಡ್ರಿ."

"ಸಿದ್ದಣ್ಣಾ?"

ಚನ್ನವ್ವ ನನ್ನ ಕಡೆ ನೋಡಿ ಸಣ್ಣಗೆ ತಲೆ ಅಲ್ಲಾಡಿಸಿದಳು. "ಧೂಳಿನ್ಯಾಗ ನನಗ ಕಾಣಲಿಲ್ಲಪಾ," ಎಂದೆ.

ಅವನು ಬಗ್ಗಿ ಬೆಲ್ಟು ನೋಡತೊಡಗಿದ. ಅಂದೇ ಇಳಿಹೊತ್ತಿಗೆ ಅವಳು ನನ್ನ ಕುರಿದಡ್ಡಿಗೆ ಬಂದಳು. ಒಂದು ಚೀಲ ಹುರುಳಿ ಹೊಟ್ಟು ತಂದಿದ್ದಳು, ಬರಲು ಒಂದು ನೆಪ ಬೇಕಲ್ಲ.

"ಅಣ್ಣಾ, ನಾಲ್ಕು ಬಟ್ಟು ಎದ್ದದ್ದು ನಾಳೆ ಒಂದ್ ಗೇಣು ಏಳ್ತೈತಿ. ಗೇಣು ಎದ್ರ ಇವ್ರು ನಿಲ್ಲೂ ಮನಷ್ಯಾರಲ್ಲ. ಮುಂದ ಆಳೆತ್ತರ, ಗಿಡದೆತ್ತರ. ಒಂದ್ ದಿನಾ ಮ್ಯಾಲಿಂದ ಬೀಳ್ತಾರ. ನಗಸಾರ ಆದ್ರ ಎರಡು ದಿನ ನಕ್ಕು ಬಿಡ್ತಾರ ಮಂದಿ. ಬಿಗಿಯಾಗಿ ಕಟ್ಟು. ನಿನ್ನ ತಂಗಿ ಅಂತ ತಿಳಕೊಂಡು ಕಟ್ಟು."

ನಾನು ಲೆಕ್ಕ ಹಾಕಿದೆ. ಒಂದು ಕಡೆ ಮನುಷ್ಯನ ಪ್ರಾಣ, ಇನ್ನೊಂದು ಕಡೆ ಎರಡು ದಿನದ ನಗೆ. ಇಂಥ ಸುಲಭದ ಲೆಕ್ಕ ಇನ್ನೊಂದಿಲ್ಲ ಅನ್ನಿಸಿತು. ಆಗಲಿ ಎಂದೆ.

ಪ್ರದರ್ಶನದ ದಿನ ಜಾತಿಭೇದವಿಲ್ಲದೆ ಜನ ಸೇರಿದರು. ಕಬ್ಬೂರಿನಿಂದ ಎರಡು ಟ್ರ್ಯಾಕ್ಟರ್, ಕರೋಶಿಯಿಂದ ಒಂದು ಟೆಂಪೊ, ಎರಡು ಐಸ್‌ಕ್ಯಾಂಡಿ ಗಾಡಿ, ಒಂದು ಗಿರಮಿಟ್ಟಿನ ಗಾಡಿ. ಭಾವುಸಾಹೇಬ ಮಗ, ಸೊಸೆ ಸಮೇತ ಬಂದ. ಹೆಗಲಿಗೆ ಮೆತ್ತನೆಯ ಟವೆಲ್ ಹಾಕಿಕೊಂಡು, "ದಾಜೀನ ಹೊರಬೇಕಾದ್ರ ಇರ್ಲಿ ಅಂತ," ಎಂದು ಎಲ್ಲರಿಗೂ ತೋರಿಸಿದ. ಚಿಕ್ಕೋಡಿ ಕಡೆಯ ಯಾವುದೋ ಕಾಲೇಜಿನಲ್ಲಿ ಮಶೀನು ಕಲಿಸುವ ಅಮಿತ ಎಂಬ ಮಾಸ್ತರರೂ ಕರಿ ಕನ್ನಡಕ ಹಾಕಿಕೊಂಡು ಬಂದಿದ್ದರು.

ದ್ರಾಕ್ಷಿ ಮಂಟಪದ ತಂತಿ ಜಗ್ಗಿ ಹಿಡಿಯಲು ಹೊಲದ ಅಂಚಿಗೆ ಆಳುದ್ದ ಗುಂಡಿ ತೋಡಿ, ಕಲ್ಲು ಹೂತು, ಕಬ್ಬಿಣದ ಕೊಂಡಿ ಬಿಟ್ಟಿರುತ್ತಾರೆ. ಹಳೇ ತೋಟದ ಅಂಥ ನಾಲ್ಕು ಕೊಂಡಿಗಳ ನಡುವೆ ಹೆಲಿಕಾಪ್ಟರ್ ನಿಲ್ಲಿಸಿದರು. ನಾನು ಕಟ್ಟತೊಡಗಿದೆ. ಮೇಲೆ ಎಲ್ಲರಿಗೂ ಕಾಣುವಂತೆ ಒಂದೊಂದು ಗೇಣು ಹಗ್ಗ ಜೋತುಬಿಟ್ಟೆ. ಅದು ಬರೀ ತೋರಿಕೆಗೆ. ಅದರ ಮರೆಯಲ್ಲಿ ಒಳಗೆ, ಪೈಪಿಗೆ ಹೊಂದಿಸಿ, ಎತ್ತಿಗೆ ಹಾಕುವ ಗಂಟು ಹಾಕಿದೆ. ಒಂದು ಕೂದಲಷ್ಟೂ ಸಡಿಲ ಬಿಡಲಿಲ್ಲ. ಫೌಜದಾರರು ಬಂದು ಜೋತುಬಿದ್ದ ಹಗ್ಗಕ್ಕೆ ತಮ್ಮ ಗೇಣು ಹಚ್ಚಿ ನೋಡಿ, "ಬರೋಬ್ಬರಿ ಐತಿ," ಎಂದರು.

ಮುರಗೆಪ್ಪ ಹೊಸ ಧೋತರ ಉಟ್ಟಿದ್ದ. ಕುಳಿತುಕೊಳ್ಳುವ ಮುಂಚೆ ನನ್ನ ಕೈ ಹಿಡಿದ. "ಸಿದ್ದಣ್ಣಾ, ಈ ಸಲಾ ಕೆಳಗ ಬಗ್ಗಿ ನೋಡು. ನನಗ ಕಾಣಂಗಿಲ್ಲ. ಎದ್ರ ಟವೆಲ್ ಬೀಸು."

ಚಾಲೂ ಮಾಡಿದ. ಜನ ಕಿವಿ ಮುಚ್ಚಿಕೊಂಡರು, ಐಸ್‌ಕ್ಯಾಂಡಿಯವನ ಛತ್ರಿ ಹೋಯಿತು, ಸತ್ಯಪ್ಪನ ಭಾಷಣದ ಹಾಳೆ ಹೋಯಿತು. ನಾನು ಬಗ್ಗಿ ನೋಡಿದೆ. ಕೆಡವಿ ಕಟ್ಟಿದ ಎತ್ತು ಏಳಲು ನೋಡುವಾಗ ಅದರ ಬೆನ್ನು ಹೇಗೆ ಕಮಾನಾಗುತ್ತದೋ ಹಾಗೆ ಆ ಚೌಕಟ್ಟು ಮೇಲಕ್ಕೆ ಕಮಾನಾಗಿತ್ತು. ಹಗ್ಗ ಕುಂಯ್ ಎಂದು ನರಳುತ್ತಿತ್ತು. ಒಂದು ಕೊಂಡಿಯ ಸುತ್ತ ಮಣ್ಣು ಬಿರಿಯಿತು. ಅದು ಏಳುತ್ತಿತ್ತು. ಗಂಟು ಬಿಗಿಯುತ್ತಿತ್ತು. ಮುರಗೆಪ್ಪ ಧೂಳಿನೊಳಗಿಂದ ನನ್ನನ್ನೇ ನೋಡುತ್ತಿದ್ದ. ನನ್ನ ಟವೆಲ್ ಹೆಗಲ ಮೇಲೆಯೇ ಇತ್ತು.

ಅವನು ಇನ್ನೂ ಜೋರು ಮಾಡಿದ. ಇನ್ನೂ. ಆಮೇಲೆ ಬೆಲ್ಟಿನಿಂದ ಹೊಗೆ ಬಂತು, ಸುಟ್ಟ ವಾಸನೆ ಬಂತು, ಎಂಜಿನ್ ನಿಂತಿತು.

ಮೊದಲು ಮಾತಾಡಿದವರು ಫೌಜದಾರರು. ಬಂದು ಮುರಗೆಪ್ಪನ ಕೈ ಕುಲುಕಿ, "ಅಭಿನಂದನ್ರಿ. ಒಂದ್ ಬಟ್ಟು ಸುದ್ದಾ ಕಾಯಿದೆ ಮುರಿಲಿಲ್ಲ," ಎಂದರು. ಮನಸಾರೆ ಹೇಳಿದರು. ಅದಕ್ಕೇ ಜನಕ್ಕೆ ನಗೆ ತಡೆಯಲಾಗಲಿಲ್ಲ.

ಅಮಿತ ಮಾಸ್ತರರು ಸುತ್ತ ಒಮ್ಮೆ ನಡೆದು ರೆಕ್ಕೆಯ ಓರೆ ಸಾಲದು, ಎಂಜಿನ್ನಿನ ಶಕ್ತಿ ಸಾಲದು, ಗಾಳಿ ಬಿಸಿಯಾಗಿದೆ ಎಂದು ಮೂರು ಕಾರಣ ಕೊಟ್ಟರು. ಮಿಕ್ಕ ಎಂಟು ಕಾರಣ ಊರವರು ಕೂಡಿಸಿದರು. ಭಾವುಸಾಹೇಬ ಟವೆಲ್ ಮಡಿಚಿ, "ಇರ್ಲಿ ಬಿಡ್ರಿ ದಾಜಿ, ನನ್ನ ಹೆಗಲು ಉಳೀತು," ಎಂದು ಬೆನ್ನು ತಟ್ಟಿದ. ಮುರಗೆಪ್ಪನೂ ನಕ್ಕ. ನಾನು ಓಡಿಹೋಗಿ ಎಲ್ಲರಿಗಿಂತ ಮೊದಲು ಗಂಟು ಬಿಚ್ಚಿದೆ. ಅಷ್ಟು ಬಿಗಿದಿತ್ತೆಂದರೆ ಎರಡನ್ನು ಕುಡುಗೋಲಿನಿಂದ ಕೊಯ್ಯಬೇಕಾಯಿತು.

ಎರಡು ದಿನದ ನಗೆ ಎಂದು ಚನ್ನವ್ವ ಅಂದಿದ್ದಳು. ಎರಡು ದಿನಕ್ಕೆ ಮುಗಿದೂ ಮುಗಿಯಿತು. ಮೂರನೆಯ ದಿನ ಸತ್ಯಪ್ಪ ಸೋಯಾಬೀನ್ ರಾಶಿ ಹಾಕಿ ಗಾಳಿಯಿಲ್ಲದೆ ಕುಳಿತಿದ್ದವನು, "ಮುರಗೆಪ್ಪಣ್ಣಾ, ಹೆಂಗಿದ್ರೂ ನಿಂದು ಗಾಳಿ ಚೊಲೊ ಹೊಡಿತೈತಿ," ಎಂದು ಬಂದ. ಕಾಗವಾಡದ ಮೆಕ್ಯಾನಿಕನಿಂದ ಹೊಸ ಬೆಲ್ಟು ಹಾಕಿಸಿ, ಹೆಲಿಕಾಪ್ಟರನ್ನು ಮಗ್ಗುಲಿಗೆ ಮಲಗಿಸಿ, ರಾಶಿ ತೂರಿಸಿಕೊಂಡ. ಆಮೇಲೆ ಇನ್ನೊಬ್ಬ, ಮತ್ತೊಬ್ಬ. ಆ ಸುಗ್ಗಿಯಲ್ಲಿ ಅರ್ಧ ಊರಿನ ಕಾಳು ಅದೇ ತೂರಿತು. ಸುಗ್ಗಿ ಮುಗಿದ ಮೇಲೆ ಮುರಗೆಪ್ಪ ರೆಕ್ಕೆ ಕೊಯ್ದು ಒಲೆಗೆ ಹಾಕಿದ, ಎಂಜಿನ್ ಗುಜರಿಗೆ ಕಳಿಸಿದ, ಪೈಪು ಮತ್ತೆ ಮಂಟಪಕ್ಕೆ ಹೋದವು.

ನಗುವವರೆಲ್ಲ ನಕ್ಕು ಮರೆತರು, ಮಾತು ಉಳಿಸಿಕೊಂಡವನು ಅವನೊಬ್ಬನೇ. ಮಶೀನಿಗೆ ಕೈ ಹಚ್ಚುವುದು ಬಿಟ್ಟ. ಅರ್ಧ ಬಿಚ್ಚಿದ ಗಡಿಯಾರ ಹಾಗೇ ಡಬ್ಬಿಯಲ್ಲಿ ಉಳಿಯಿತು. ನನ್ನ ಬಾವಿಯ ಮೋಟರ್ ಸುಟ್ಟಾಗ ಹೋಗಿ ಕರೆದೆ. ಅವನು ಹೊರಸಿನ ಮೇಲೆ ಕುಳಿತೇ, "ಕಾಗವಾಡದಾಗ ಮೆಕ್ಯಾನಿಕ್ ಅದಾನಲ್ಲ, ಅವನ್ನ ಕರಸ್ರಿ," ಎಂದ. ನನಗೆ ಎಂದೂ ರಿ ಹಚ್ಚಿ ಮಾತಾಡಿದವನಲ್ಲ.

ಶಿವರಾಜನ ಹೆಂಡತಿ ಮನೀಷಾಳ ಸೀಮಂತಕ್ಕೆ ನಾವೆಲ್ಲ ಬಸ್ಸಿನಲ್ಲಿ ಅಕ್ಕೋಳಕ್ಕೆ ಹೋದೆವು. ಮೊದಲ ಪಂಕ್ತಿ ಕುಳಿತ ಹೊತ್ತಿಗೇ ಅವರ ದೊಡ್ಡ ರುಬ್ಬುವ ಮಶೀನು ನಿಂತುಬಿಟ್ಟಿತು. ಮುನ್ನೂರು ಮಂದಿಯ ಊಟ. ಎಲ್ಲರ ಕಣ್ಣೂ ಮುರಗೆಪ್ಪನ ಮೇಲೆ. ಅವನು ತನ್ನ ತಟ್ಟೆಯಲ್ಲಿದ್ದ ಹಪ್ಪಳವನ್ನು ನೋಡುತ್ತ ಕುಳಿತ.

ಭಾವುಸಾಹೇಬ ಓಡಿ ಬಂದ. "ದಾಜಿ, ಏ ದಾಜಿ! ಅವತ್ತು ಮಾತಿಗೆ ಅಂದದ್ದ್ರಿ ಅದು. ಪಾಯಾ ಪಡತೋ, ಕಾಲಿಗೆ ಬೀಳ್ತೀನಿ, ಒಂದ್ ಚೂರು ನೋಡ್ರಿ."

"ಮಾತು ಮಾತಾ ಭಾವುಸಾಹೇಬ," ಎಂದ ಮುರಗೆಪ್ಪ. "ಎಂಟು ನೂರು ಮಂದಿ ಕೇಳ್ಯಾರ."

ಹೋಗುವಾಗ ಕಾಲಿನಿಂದ ಆ ಮಶೀನಿನ ಒಂದು ತಂತಿ ಸರಿಸಿದ್ದರೆ ಸಾಕಿತ್ತು, ಅದು ಅವನಿಗೆ ಗೊತ್ತಿತ್ತು. ನನಗೂ ಗೊತ್ತಾಗುವ ಹಾಗೆ ಅದನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಕೈ ತೊಳೆಯಲು ಹೋದ. ಅವತ್ತಿನ ಊಟಕ್ಕೆ ಚಟ್ನಿ ಇರಲಿಲ್ಲ.

ಮನೆಗೆ ಬಂದು ಕೆಂಪವ್ವನಿಗೆ ಎಲ್ಲ ಹೇಳಿದೆ. ಎರಡು ವರ್ಷ ಹೇಳಿರಲಿಲ್ಲ. ಅವಳು ಹಿಟ್ಟು ನಾದುವುದು ನಿಲ್ಲಿಸಲಿಲ್ಲ.

"ಎತ್ತಿಗೆ ಲಾಳ ಹೊಡದ ಮ್ಯಾಲೆ ಗಂಟು ಬಿಚ್ಚತಿ. ಮನಷ್ಯಾನ್ನ ಹಂಗಾ ಬಿಟ್ಟು ಬಂದಿ," ಎಂದಳು. "ಹೋಗು. ಈಗಾ ಹೋಗು."

ಹೋದೆ. ಮುರಗೆಪ್ಪ ಅಂಗಳದಲ್ಲಿ ಕುಳಿತಿದ್ದ. ಚನ್ನವ್ವ ಒಲೆಯ ಮುಂದೆ ಚಹಾ ಇಟ್ಟಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ನಾಲ್ಕು ಬೆರಳು, ಕೋಳಿಮರಿ, ಒಳಗಿನ ಗಂಟು, ನರಳಿದ ಹಗ್ಗ, ಬಿರಿದ ಮಣ್ಣು. ಚನ್ನವ್ವ ಕುರಿದಡ್ಡಿಗೆ ಬಂದದ್ದೊಂದನ್ನು ಮಾತ್ರ ಬಿಟ್ಟೆ. "ನಿನ್ನ ಹೆಲಿಕಾಪ್ಟರ್ ಏಳತಿತ್ತು ಮುರಗೆಪ್ಪಾ. ನಾ ಏಳಗೊಡಲಿಲ್ಲ. ತಪ್ಪು ನಂದು."

ಅವನ ಕಣ್ಣಿನಲ್ಲಿ ಏನೋ ಎದ್ದಿತು. ಬಹುಶಃ ಅದೂ ನಾಲ್ಕೇ ಬೆರಳು. ಅವನು ಹೆಂಡತಿಯ ಕಡೆ ತಿರುಗಿದ.

"ಏನ ಬೇ? ನೀನೂ ಇದ್ದೆಲ್ಲ ಅವತ್ತು. ಖರೇನ ಇದು? ಕೋಳಿಮರಿ ಹಾದಿತ್ತ?"

ಚನ್ನವ್ವ ಚಹಾದ ಪಾತ್ರೆಯಿಂದ ಕಣ್ಣು ಎತ್ತಲಿಲ್ಲ. ಚಹಾ ಉಕ್ಕಿ ಒಲೆಗೆ ಬಿತ್ತು. ಅದನ್ನೂ ಅವಳು ತಡೆಯಲಿಲ್ಲ.

"ಸಿದ್ದಣ್ಣ ಭಾಳ ಒಳ್ಳೆ ಮನಷ್ಯಾ," ಎಂದಳು. "ನಿಮ್ಮ ಸಮಾಧಾನಕ್ಕ ಹೇಳಾಕತ್ತಾನ."

ಮುರಗೆಪ್ಪನ ಕಣ್ಣಿನಲ್ಲಿ ಎದ್ದದ್ದು ಕೆಳಗಿಳಿಯಿತು. ಆದರೆ ಅವನಿಗೆ ನನ್ನ ಮೇಲೆ ಸಿಟ್ಟು ಬರಲಿಲ್ಲ, ಪ್ರೀತಿ ಬಂತು. ಎದ್ದು ಬಂದು ನನ್ನ ಎರಡೂ ತೋಳು ಹಿಡಿದ.

"ಸಿದ್ದಣ್ಣಾ, ನನ್ನ ಸಲುವಾಗಿ ನಿನ್ನ ಹಗ್ಗದ ಹೆಸರು ಕೆಡಿಸ್ಕೋತೀ? ಫೌಜದಾರ ಗೇಣು ಹಚ್ಚಿ ನೋಡ್ಯಾನ. ಸಾವಿರ ಮಂದಿ ನೋಡ್ಯಾರ, ಹಗ್ಗ ಸಡ್ಲ ಇತ್ತು. ನನ್ನ ಮಶೀನಿನ್ಯಾಗ ದಮ್ ಇರಲಿಲ್ಲ, ಅಷ್ಟ. ನಿನ್ನ ಬಗ್ಗೆ ಯಾರಾದ್ರೂ ಒಂದ್ ಮಾತು ಆಡಿದ್ರ ನಾ ಸುಮ್ನಿರಾಂವ ಅಲ್ಲ. ನೀನಾ ಆಡಿದ್ರೂ ಸುಮ್ನಿರಂಗಿಲ್ಲ."

ಮರುದಿನದಿಂದ ಅವನು ಮನೆಮನೆಗೆ ಹೋಗಿ ಹೇಳಿದ. ಎರಡು ವರ್ಷದಲ್ಲಿ ಅವನು ಅಷ್ಟು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಗೆಳೆಯನ ಮನಸ್ಸಿಗೆ ನೋವಾಗಬಾರದೆಂದು ಸಿದರಾಯ ಎಂಥ ಸುಳ್ಳು ಹೇಳಿದ, ತನ್ನ ಮೂವತ್ತು ವರ್ಷದ ಹೆಸರನ್ನೇ ಹೇಗೆ ಒತ್ತೆಯಿಟ್ಟ ಎಂದು. ಕೇಳಿದ ಹೆಂಗಸರು ಕಣ್ಣೊರೆಸಿಕೊಂಡರು. ಸತ್ಯಪ್ಪ ನನಗೆ ಸನ್ಮಾನ ಮಾಡಬೇಕೆಂದು ಪಂಚಾಯತಿಯಲ್ಲಿ ಠರಾವು ಮಾಡಿದ. ಆಗಸ್ಟ್ ಹದಿನೈದಕ್ಕೆ, ಝೇಂಡಾ ಹಾರಿಸಿದ ಮೇಲೆ, ನನ್ನನ್ನು ಮೇಲೆ ಕೂಡ್ರಿಸಿ ಶಾಲು ಹೊದಿಸಿ, ಕೈಗೆ ತೆಂಗಿನಕಾಯಿ ಕೊಟ್ಟು, ಮೈಕು ಮುಂದೆ ತಂದರು.

ನಾನು ಮೈಕು ಹಿಡಿದು ಸ್ಪಷ್ಟವಾಗಿ ಹೇಳಿದೆ: "ಹಿರಿಯರ, ನಾ ಸುಳ್ಳು ಹೇಳಿಲ್ರಿ. ಗಂಟು ಬಿಗಿ ಇತ್ತು. ಅವನ ಹೆಲಿಕಾಪ್ಟರ್ ಏಳತಿತ್ತು. ಖರೇ ಹೇಳಾಕತ್ತೀನಿ."

ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. "ನೋಡ್ರಿ, ಇನ್ನೂ ಬಿಡವಲ್ಲ!" ಎಂದು ಸತ್ಯಪ್ಪ ಮೈಕಿನಲ್ಲಿಯೇ ಹೇಳಿದ. ಹೆಂಗಸರ ಸಾಲಿನಲ್ಲಿ ಚನ್ನವ್ವ ಸೆರಗು ಬಾಯಿಗೆ ಹಿಡಿದು ನೆಲ ನೋಡುತ್ತಿದ್ದಳು. ಮುಂದಿನ ಸಾಲಿನಲ್ಲಿ ಮುರಗೆಪ್ಪ ಎದ್ದು ನಿಂತು, ಕಣ್ಣಲ್ಲಿ ನೀರು ತುಂಬಿಕೊಂಡು, ತನ್ನ ಎರಡೂ ಕೈಯಿಂದ ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದ.